ಜಿಂಕೆ ಮತ್ತು ಮೂರೆಲೆಯ ಹೂವು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದ್ದರಿಂದ, ಆಡಿದ ಮಾತನ್ನು ಆದಷ್ಟು ಹಾಗೆಯೇ ಬರೆದಿದ್ದೇನೆ.)



ಸಮಿತಿಯವರು ಫೋನ್ ಮಾಡಿ, "ಅಮೆರಿಕದ ಅನುಭವ ಅಂತ ಒಂದು ಇಪ್ಪತ್ತು ನಿಮಿಷ ಮಾತಾಡಿ ಸಾರ್" ಅಂದರು. ಮಗಳ ಮನೆಗೆ ನಾಲ್ಕು ಸಲ ಹೋಗಿ ಬಂದವನಿಗೆ ಅನುಭವ ಅಂತ ಹೇಳಿಕೊಳ್ಳುವಂಥದ್ದು ಏನಿರುತ್ತದೆ? ಚಳಿ ಇತ್ತು, ರಸ್ತೆ ಚೆನ್ನಾಗಿತ್ತು, ಮಾತಾಡಿಸುವವರು ಇರಲಿಲ್ಲ. ಇಷ್ಟನ್ನು ಹೋಗಿ ಬಂದ ಅಪ್ಪ ಅಮ್ಮಂದಿರೆಲ್ಲ ನಿಮಗೆ ಆಗಲೇ ಹೇಳಿದ್ದಾರೆ. ಅದಕ್ಕೇ ನಾನು ಅಲ್ಲಿ ಕಂಡ ಒಂದು ಹೂವಿನ ವಿಷಯ ಮಾತಾಡುತ್ತೇನೆ. ಅದನ್ನು ತಿನ್ನುವ ಜಿಂಕೆಯ ವಿಷಯವನ್ನೂ.

ಜಿಂಕೆ ಅಂದಕೂಡಲೇ 1979ರ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಇಲ್ಲಿಂದಲೇ ಕಾಣುತ್ತಿದೆ. ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ನಾಯಿಗಳು ಅಟ್ಟಿಸಿಕೊಂಡು ಬಂದ ಜಿಂಕೆ ಮರಿಯೊಂದು ನೇರ ನಮ್ಮ ಪ್ರಯೋಗಾಲಯದ ಒಳಗೆ ನುಗ್ಗಿತ್ತು. ಪ್ರಯೋಗಾಲಯ ಅಂದರೆ ಒಂದು ಮೇಜು, ಎರಡು ಬೀರು, ಒಂದು ಒಡೆದ ಭೂಗೋಳ. ಗಾರ್ಡ್ ಬರುವವರೆಗೆ ಎರಡು ದಿನ ಅದು ಅಲ್ಲೇ ಇತ್ತು. ನಾವು ಹಲಸಿನ ಸೊಪ್ಪು, ಹುಲ್ಲು, ಸಿಕ್ಕಿದ ಬಳ್ಳಿಯನ್ನೆಲ್ಲ ತಂದು ರಾಶಿ ಹಾಕಿದೆವು. ಅದು ರಾಶಿಗೆ ಬಾಯಿ ಹಾಕಲಿಲ್ಲ. ಮೂತಿ ಚಾಚಿ ಒಂದೊಂದೇ ಎಳೆ ಕುಡಿಯನ್ನು ಹುಡುಕಿ ಹುಡುಕಿ ತಿಂದಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ವಿಜ್ಞಾನದ ಮೇಷ್ಟ್ರು ಆಗ ಹೇಳಿದ ಮಾತು ಇದು: "ನೋಡ್ರೋ, ದನ ಮೇಯ್ತದೆ, ಜಿಂಕೆ ಆಯ್ತದೆ." ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಆ ಒಂದು ಮಾತನ್ನು ನಾನು ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ಮೇಲೂ ಪೂರ್ತಿ ಅರ್ಥ ಮಾಡಿಕೊಂಡಿರಲಿಲ್ಲ. ಪಿಟ್ಸ್‌ಬರ್ಗ್‌ಗೆ ಹೋದ ಮೇಲೆ ಆಯಿತು.

ಪಿಟ್ಸ್‌ಬರ್ಗ್ ಇರುವುದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಹಿಂದೆ ಉಕ್ಕಿನ ಕಾರ್ಖಾನೆಗಳ ಊರು. ಸುತ್ತ ಗುಡ್ಡ, ಕಣಿವೆ, ಕಾಡು. ಚಳಿಗಾಲದಲ್ಲಿ ಎಲೆ ಉದುರಿಸಿ ನಿಲ್ಲುವ ಓಕ್, ಮೇಪಲ್, ಬೀಚ್ ಮರಗಳು. 2015ರ ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಮೊದಲ ಸಲ ಹೋದೆವು. ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ಹತ್ತಿರದ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದೆ.

ಅಲ್ಲಿನ ಕಾಡಿನ ಲೆಕ್ಕಾಚಾರ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ಎಲ್ಲವೂ ಮಳೆಗೆ ಕಾಯುತ್ತದೆ, ಅಲ್ಲಿ ಬೆಳಕಿಗೆ. ಮಾರ್ಚ್ ಕೊನೆಗೆ ಹಿಮ ಕರಗಿ ನೆಲ ಬೆಚ್ಚಗಾಗುತ್ತದೆ, ಆದರೆ ಮರಗಳಿಗೆ ಇನ್ನೂ ಎಲೆ ಬಂದಿರುವುದಿಲ್ಲ. ಮೇ ತಿಂಗಳ ಮಧ್ಯಕ್ಕೆ ಮೇಲೆ ಚಪ್ಪರ ಕಟ್ಟಿದ ಹಾಗೆ ಎಲೆ ತುಂಬಿಬಿಡುತ್ತದೆ. ನಡುವಿನ ಆರೇಳು ವಾರ ಮಾತ್ರ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ನೆಲದ ಗಿಡಗಳು ಇಡೀ ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ಆ ಆರೇಳು ವಾರದಲ್ಲೇ ಮಾಡಿಕೊಳ್ಳಬೇಕು. ಅಂಥ ಗಿಡಗಳಲ್ಲಿ ಎಲ್ಲರಿಗೂ ಪ್ರಿಯವಾದದ್ದು ಟ್ರಿಲಿಯಂ. ಮೊಣಕಾಲಿನಷ್ಟೂ ಎತ್ತರವಿರದ ಒಂದು ದಂಟು, ಅದರ ತುದಿಯಲ್ಲಿ ಮೂರು ಅಗಲ ಎಲೆ, ಆ ಎಲೆಗಳ ಮೇಲೆ ಮೂರು ಬಿಳಿ ಎಸಳಿನ ಒಂದೇ ಹೂವು. ನನ್ನ ಹೆಂಡತಿ ನೋಡಿದವಳೇ "ಬಿಲ್ವಪತ್ರೆಯ ಮೇಲೆ ಹೂವಿಟ್ಟ ಹಾಗಿದೆ" ಅಂದಳು. ಹೂವು ಹಳೆಯದಾದಂತೆ ಬಿಳಿ ಹೋಗಿ ನಸುಗೆಂಪಾಗುತ್ತದೆ.

ಈ ಗಿಡದ ಬದುಕು ತುಂಬ ನಿಧಾನ. ಬೀಜದ ತುದಿಯಲ್ಲಿ ಎಣ್ಣೆಯ ಅಂಶದ ಒಂದು ಚಿಕ್ಕ ಗಂಟು ಇರುತ್ತದೆ. ಇರುವೆಗಳು ಅದರ ಆಸೆಗೆ ಬೀಜವನ್ನು ಹೊತ್ತು ಗೂಡಿಗೆ ಒಯ್ಯುತ್ತವೆ, ಗಂಟನ್ನು ತಿಂದು ಬೀಜವನ್ನು ಕಸದ ಗುಂಡಿಗೆ ಎಸೆಯುತ್ತವೆ. ಗಿಡಕ್ಕೆ ಆ ಕಸದ ಗುಂಡಿಯೇ ಗೊಬ್ಬರದ ಮಡಿ. ಮೊದಲ ಚಳಿಗಾಲ ಕಳೆದರೆ ಬೇರು ಮಾತ್ರ ಬರುತ್ತದೆ, ಎರಡನೆಯ ಚಳಿಗಾಲ ಕಳೆದರೆ ಮೊದಲ ಚಿಗುರು. ಆಮೇಲೆ ಕೆಲವು ವರ್ಷ ಒಂದೇ ಎಲೆ. ಆಮೇಲೆ ಮೂರೆಲೆ, ಹೂವಿಲ್ಲ. ಎಲ್ಲ ಸರಿಯಾಗಿದ್ದರೂ ಹೂಬಿಡಲು ಏಳೆಂಟು ವರ್ಷ ಬೇಕು, ಹಲವೆಡೆ ಇನ್ನೂ ಹೆಚ್ಚು. ಒಮ್ಮೆ ನೆಲೆನಿಂತರೆ ಹತ್ತಾರು ವರ್ಷ ಬದುಕುತ್ತದೆ. ನೆಲದೊಳಗಿನ ಗೆಡ್ಡೆಯಲ್ಲಿ ಪ್ರತಿ ವರ್ಷದ ಗುರುತು ಉಳಿಯುವುದರಿಂದ ವಯಸ್ಸನ್ನು ಎಣಿಸಲೂಬಹುದು.

ಈಗ ಜಿಂಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿಯದು ಬಿಳಿಬಾಲದ ಜಿಂಕೆ. ನಮ್ಮ ಚುಕ್ಕೆ ಜಿಂಕೆ ಹುಲ್ಲನ್ನು ಹೆಚ್ಚು ನೆಚ್ಚಿಕೊಂಡದ್ದು. ಇದು ಹಾಗಲ್ಲ, ಚಿಗುರು, ಸೊಪ್ಪು, ಮೊಗ್ಗು ಆಯುವ ಜಾತಿ. ಚಳಿಗಾಲವೆಲ್ಲ ಒಣ ಕಡ್ಡಿ ಕಡಿದು ಸೊರಗಿದ ಪ್ರಾಣಿಗೆ ಏಪ್ರಿಲ್‌ನಲ್ಲಿ ಕಣ್ಣಿಗೆ ಬೀಳುವ ಮೊದಲ ಹಸಿರು ಈ ಹೂಗಿಡಗಳೇ. ಅದರಲ್ಲೂ ಎತ್ತರವಾಗಿರುವುದನ್ನು, ಹೂವಿರುವುದನ್ನು ಮೊದಲು ತಿನ್ನುತ್ತದೆ. ದಂಟಿನ ಸಮೇತ ಒಂದೇ ತುತ್ತು. ಹುಲ್ಲಾದರೆ ಬುಡದಿಂದ ಮತ್ತೆ ಚಿಗುರುತ್ತದೆ. ಟ್ರಿಲಿಯಂಗೆ ಇರುವುದು ಆ ಮೂರೇ ಎಲೆ, ಅದೂ ವರ್ಷಕ್ಕೆ ಒಂದೇ ಸಲ. ಹೋದರೆ ಆ ವರ್ಷದ ಊಟ ಮುಗಿಯಿತು. ಗೆಡ್ಡೆ ತನ್ನ ಉಳಿತಾಯದಲ್ಲಿ ಜೀವ ಹಿಡಿದುಕೊಳ್ಳುತ್ತದೆ. ಮರುವರ್ಷ ಬರುವಾಗ ಗಿಡ ಚಿಕ್ಕದಾಗಿರುತ್ತದೆ, ಹೂವಿರುವುದಿಲ್ಲ. ಮೇಲಿಂದ ಮೇಲೆ ತಿನ್ನಿಸಿಕೊಂಡರೆ ಮೂರೆಲೆಯ ಗಿಡ ಮತ್ತೆ ಒಂದೆಲೆಗೆ ಇಳಿಯುತ್ತದೆ. ಹತ್ತನೇ ಕ್ಲಾಸಿನ ಹುಡುಗನನ್ನು ಹಿಡಿದು ಒಂದನೇ ಕ್ಲಾಸಿಗೆ ಕೂರಿಸಿದ ಹಾಗೆ. ಕೊನೆಗೆ ಒಂದು ವರ್ಷ ಮೇಲೆ ಬರುವುದೇ ಇಲ್ಲ. ಅಷ್ಟು ಹೊತ್ತಿಗೆ ಬೀಜವೂ ಬಿದ್ದಿರುವುದಿಲ್ಲ.

ಇದರಲ್ಲಿ ಮೋಸ ಹೋಗುವುದು ನೋಡುವವರ ಕಣ್ಣು. ಕಾಡು ಹಸಿರಾಗಿಯೇ ಇರುತ್ತದೆ. ಮರಗಳು ಇರುತ್ತವೆ, ಕೆಳಗೆ ಜರೀಗಿಡ ಸೊಂಪಾಗಿ ಹಬ್ಬಿರುತ್ತದೆ. ಜಿಂಕೆ ಆ ಜರಿಯನ್ನು ತಿನ್ನುವುದಿಲ್ಲ, ಅದಕ್ಕೇ ಅದು ಹಬ್ಬಿದ್ದು. ಅದರ ನೆರಳಿನಲ್ಲಿ ಮರದ ಸಸಿಯೂ ಏಳುವುದಿಲ್ಲ. ಮೊದಲ ವರ್ಷ ನಾನೂ "ಎಷ್ಟು ಚೆಂದದ ಕಾಡು" ಅಂತ ಫೋಟೋ ತೆಗೆದು ಇಲ್ಲಿನ ಗೆಳೆಯರಿಗೆಲ್ಲ ಕಳಿಸಿದ್ದೆ. 2019ರಲ್ಲಿ ಎರಡನೆಯ ಸಲ ಹೋದಾಗ ಅಲ್ಲಿನ ಸ್ವಯಂಸೇವಕರ ಗುಂಪೊಂದು ಕಾಡಿನಲ್ಲಿ ಕಳೆ ಕೀಳುವುದಕ್ಕೆ ಕರೆಯಿತು. ಯಾರೂ ಮಾತಾಡಿಸದ ಊರಿನಲ್ಲಿ ಕಳೆ ಕೀಳಲಾದರೂ ಕರೆದರಲ್ಲ ಅಂತ ಖುಷಿಯಿಂದ ಹೋದೆ. ಅಲ್ಲಿ ಒಂದು ತುಂಡು ಜಾಗಕ್ಕೆ ಎಂಟಡಿ ಎತ್ತರದ ತಂತಿ ಬಲೆಯ ಬೇಲಿ ಹಾಕಿದ್ದರು. ಬೇಲಿಯ ಒಳಗೆ ಹೆಜ್ಜೆಯಿಡಲು ಜಾಗ ಹುಡುಕಬೇಕು, ಅಷ್ಟು ಹೂವು. ಹೊರಗೆ ಅದೇ ಮಣ್ಣು, ಅದೇ ಮರ, ಅದೇ ಇಳಿಜಾರು. ಕೈಬೆರಳಲ್ಲಿ ಎಣಿಸಬಹುದಾದಷ್ಟು ಗಿಡ, ಹೆಚ್ಚಿನವು ಒಂದೆಲೆಯವು. ನನ್ನ ಫೋಟೋದಲ್ಲಿದ್ದದ್ದು ಈ ಹೊರಗಿನ ಕಾಡು. ಸಸ್ಯಶಾಸ್ತ್ರದ ಮೇಷ್ಟ್ರಾಗಿ ನನಗೆ ನಾಚಿಕೆಯಾಯಿತು. ಇಲ್ಲದಿರುವುದನ್ನು ನೋಡುವುದು ಹೇಗೆ ಅಂತ ನಾನೂ ಯಾವ ಮಕ್ಕಳಿಗೂ ಹೇಳಿಕೊಟ್ಟಿರಲಿಲ್ಲ.

ನಾವು ಕೀಳುತ್ತಿದ್ದ ಕಳೆಯ ಕತೆಯೂ ಇದಕ್ಕೆ ಸೇರಿದ್ದೇ. ಅದು ಸಾಸಿವೆಯ ಕುಲದ್ದು, ಎಲೆ ಉಜ್ಜಿದರೆ ಬೆಳ್ಳುಳ್ಳಿ ವಾಸನೆ. ಯೂರೋಪಿನಿಂದ ಹೋದ ವಲಸಿಗರು ಅಡುಗೆಗೆಂದು ಒಯ್ದದ್ದು. ಜಿಂಕೆ ಅದನ್ನು ಮೂಸಿ ಬಿಟ್ಟುಬಿಡುತ್ತದೆ. ಅದರ ಬೇರಿನಿಂದ ಒಸರುವ ರಸ, ಕಾಡಿನ ಗಿಡಗಳ ಬೇರಿಗೆ ಜೊತೆಗಾರರಾದ ಮಣ್ಣಿನ ಶಿಲೀಂಧ್ರಗಳನ್ನು ಕೆಡಿಸುತ್ತದೆ. ಪಿಟ್ಸ್‌ಬರ್ಗ್ ಹತ್ತಿರದ ಟ್ರಿಲಿಯಂ ಟ್ರೇಲ್ ಎಂಬ ಕಾಡಿನಲ್ಲಿ ಸೂಸನ್ ಕಲಿಷ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಬೇಲಿಯ ಒಳಗೂ ಹೊರಗೂ ಒಂದೊಂದು ಗಿಡವನ್ನೂ ಲೆಕ್ಕ ಇಟ್ಟು 2014ರಲ್ಲಿ ಪ್ರಕಟಿಸಿದರು. ಜಿಂಕೆ ಓಡಾಡುವಲ್ಲಿ ಈ ಕಳೆ ಹೆಚ್ಚುತ್ತಲೇ ಹೋಯಿತು. ಜಿಂಕೆಯನ್ನು ಹೊರಗಿಟ್ಟಲ್ಲಿ ಕಳೆ ತಾನಾಗಿಯೇ ಇಳಿಯಿತು, ಟ್ರಿಲಿಯಂ ಮೊದಲಾದ ಕಾಡಿನ ಗಿಡಗಳು ಏರಿದವು. ಅಂದರೆ ನಾವು ಸೊಂಟ ನೋಯಿಸಿಕೊಂಡು ಕೀಳುತ್ತಿದ್ದುದರ ಎಷ್ಟೋ ಪಾಲು ಬೇಲಿಯೊಂದರಿಂದಲೇ ಆಗುತ್ತಿತ್ತು! ನಮ್ಮ ಭದ್ರಾ ಕಾಡಿನ ಅಂಚಿನಲ್ಲಿ ಲಂಟಾನ ನೋಡಿದವರಿಗೆ ಇದು ಹೊಸದೆನಿಸಲಾರದು. ಆದರೆ ನಮ್ಮ ಲಂಟಾನಕ್ಕೆ ಜಿಂಕೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ.

ಇಷ್ಟು ಜಿಂಕೆ ಎಲ್ಲಿಂದ ಬಂತು ಅಂತ ಕೇಳಬೇಕಲ್ಲ. ಮೊದಲಿನಿಂದಲೂ ಹೀಗಿರಲಿಲ್ಲ. 1900ರ ಹೊತ್ತಿಗೆ ಕಾಡು ಕಡಿದು, ಮಾರಾಟಕ್ಕೆಂದು ಬೇಟೆಯಾಡಿ, ಆ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟೂ ಉಳಿದಿರಲಿಲ್ಲ ಅಂತ ಅಂದಾಜು. ಪೆನ್ಸಿಲ್ವೇನಿಯಾದಲ್ಲಂತೂ ಕಾಣುವುದೇ ಅಪರೂಪವಾಗಿ, 1906ರಲ್ಲಿ ಬೇರೆ ರಾಜ್ಯದಿಂದ ಜಿಂಕೆ ತಂದು ಬಿಟ್ಟರು. ಮರುವರ್ಷ ಹೆಣ್ಣು ಜಿಂಕೆಯನ್ನು ಕೊಲ್ಲಬಾರದೆಂದು ಕಾನೂನು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಅಷ್ಟು ಹೊತ್ತಿಗೆ ತೋಳ, ಪೂಮಾ ಎರಡೂ ಅಲ್ಲಿಂದ ಅಳಿಸಿಹೋಗಿದ್ದವು. ಕಡಿದ ಕಾಡು ಚಿಗುರುತ್ತಿತ್ತು, ಮೇವು ಬಾಯಿಗೆ ಎಟುಕುವ ಎತ್ತರದಲ್ಲಿತ್ತು, ತಿನ್ನುವವರು ಇರಲಿಲ್ಲ. ಈಗ ದೇಶದಲ್ಲಿ ಸುಮಾರು ಮೂರು ಕೋಟಿ ಜಿಂಕೆ. ಒಂದು ಪ್ರಾಣಿಯನ್ನು ಉಳಿಸಲು ಮಾಡಿದ ಕೆಲಸ ಇಷ್ಟು ಚೆನ್ನಾಗಿ ಫಲ ಕೊಟ್ಟ ಉದಾಹರಣೆ ಹೆಚ್ಚಿಲ್ಲ. ಅದರ ಫಲವನ್ನು ಈಗ ಹೂಗಳು ಉಣ್ಣುತ್ತಿವೆ.

ಇದನ್ನು ಮೊದಲೇ ಕಂಡು ಹೇಳಿದವರಲ್ಲಿ ಅಲ್ಡೊ ಲಿಯೊಪೋಲ್ಡ್ ಒಬ್ಬರು. ಅರಣ್ಯ ಇಲಾಖೆಯ ನೌಕರ. ಪ್ರಾಯದಲ್ಲಿ ತೋಳ ಕಂಡರೆ ಗುಂಡು ಹಾರಿಸಿದವರು, ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತದೆ ಎಂದು ನಂಬಿದವರು. ನಂಬಿದಂತೆಯೇ ಆಯಿತು, ಗುಡ್ಡ ಬೋಳಾಯಿತು. 1943ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಂರಕ್ಷಣಾ ಆಯೋಗದಲ್ಲಿ ಕೂತು ಹೆಣ್ಣು ಜಿಂಕೆಗಳನ್ನೂ ಕಡಿಮೆ ಮಾಡಬೇಕೆಂದು ವಾದಿಸಿ ಜನರಿಂದ ಚೆನ್ನಾಗಿ ಬೈಸಿಕೊಂಡರು. ಅವರ ಪುಸ್ತಕ ಬಂದದ್ದು ಅವರು ತೀರಿಕೊಂಡ ಮರುವರ್ಷ, 1949ರಲ್ಲಿ.

ಪೆನ್ಸಿಲ್ವೇನಿಯಾದ ಉತ್ತರಕ್ಕೆ ಅಲಿಗೇನಿ ಎಂಬ ಎತ್ತರದ ನೆಲವಿದೆ. ಅಲ್ಲಿ ಕಾಡಿನ ನಡುವೆ ನಮ್ಮ ಊರಿನ ದೊಡ್ಡ ಅರೆಯಂಥ ಬಂಡೆಗಳಿವೆ. ನೆಲದಲ್ಲಿ ಕಾಣೆಯಾದ ಹೂಗಿಡಗಳು ಆ ಬಂಡೆಗಳ ನೆತ್ತಿಯ ಮೇಲೆ, ತರಗೆಲೆ ಕೊಳೆತು ಕೂತ ಒಂದು ಗೇಣು ಮಣ್ಣಿನಲ್ಲಿ ಉಳಿದುಕೊಂಡಿವೆ. ಜಿಂಕೆಯ ಕುತ್ತಿಗೆ ಅಲ್ಲಿಗೆ ಎಟುಕುವುದಿಲ್ಲ, ಅಷ್ಟೆ. ಇದನ್ನು ವಿಜ್ಞಾನಿಗಳು ಅಳೆದು ಬರೆದಿದ್ದಾರೆ.

ಜಿಂಕೆಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಜಿಂಕೆಯ ಹಿಕ್ಕೆಯಲ್ಲಿ ಟ್ರಿಲಿಯಂ ಬೀಜ ಸಿಕ್ಕಿದೆ, ಅದು ಮೊಳೆತೂ ಇದೆ. ಇರುವೆ ಬೀಜವನ್ನು ಒಯ್ಯುವುದು ಕೆಲವು ಅಡಿ. ಜಿಂಕೆ ಮೈಲಿಗಟ್ಟಲೆ ಒಯ್ಯಬಲ್ಲದು. ಹಿಂದೆ ಹಿಮಯುಗ ಮುಗಿದ ಮೇಲೆ ಈ ಹೂವು ಉತ್ತರದವರೆಗೆ ಹಬ್ಬಿದ್ದರಲ್ಲಿ ಜಿಂಕೆಯ ಪಾಲೂ ಇರಬಹುದು ಎನ್ನುತ್ತಾರೆ. ಅಪರಾಧಿ ಪ್ರಾಣಿಯಲ್ಲ, ಎಣಿಕೆ ತಪ್ಪಿದೆ.

ಈಗ ಮನೆಯ ಜಗಳಕ್ಕೆ ಬರುತ್ತೇನೆ. ಮಗಳ ಮನೆಯ ಹಿತ್ತಲಿಗೆ ದಿನಾ ಸಂಜೆ ಜಿಂಕೆಗಳು ಬರುತ್ತವೆ. ಒಂದು ಹೆಣ್ಣು ಜಿಂಕೆಗೆ ಮೊಮ್ಮಗಳು ಗೌರಿ ಅಂತ ಹೆಸರಿಟ್ಟಿದ್ದಳು. ಸೇಬಿನ ಸಿಪ್ಪೆ, ಕ್ಯಾರೆಟ್ ತುಂಡು ಹಾಕುವುದನ್ನು ಅವಳಿಗೆ ಕಲಿಸಿದವನೂ ನಾನೇ. ನಿವೃತ್ತನಾದ ಮೇಲೆ 2023ರಲ್ಲಿ ಹೋದಾಗ ಊರಲ್ಲೆಲ್ಲ ಒಂದೇ ಮಾತು: ಪಿಟ್ಸ್‌ಬರ್ಗ್ ನಗರದವರು ಎರಡು ದೊಡ್ಡ ಉದ್ಯಾನಗಳಲ್ಲಿ ಬಿಲ್ಲು ಬಾಣದಿಂದ ಜಿಂಕೆ ಬೇಟೆಗೆ ಅನುಮತಿ ಕೊಡುತ್ತಿದ್ದಾರೆ, ಬೇಟೆಗಾರರನ್ನು ಲಾಟರಿ ಎತ್ತಿ ಆರಿಸುತ್ತಾರೆ ಅಂತ. ಮನೆಗಳ ನಡುವೆ ಬಂದೂಕು ಹಾರಿಸುವಂತಿಲ್ಲವಲ್ಲ, ಅದಕ್ಕೆ ಬಿಲ್ಲು. ನಮ್ಮ ಬಡಾವಣೆಯಲ್ಲೂ ಅದೇ ಆಗಬೇಕೆಂದು ಕೆಲವರು, ಕೂಡದೆಂದು ಕೆಲವರು. ಅಳಿಯ ಬೇಕೆಂದ: ಕಾರಿಗೆ ಜಿಂಕೆ ಅಡ್ಡ ಬಂದು ಒಮ್ಮೆ ಪಾರಾದವನು. ಮಗಳು ಬೇಡವೆಂದಳು. ಚುಚ್ಚುಮದ್ದು ಕೊಟ್ಟು ಮರಿಯಾಗದಂತೆ ಮಾಡಬಹುದಲ್ಲ ಅಂದಳು. ಮಾಡಬಹುದು, ಆದರೆ ಬೇಲಿಯಿಲ್ಲದ ಊರಿನಲ್ಲಿ ಒಂದೊಂದನ್ನೂ ಹಿಡಿಯಬೇಕು, ಖರ್ಚಿಗೆ ಕೊನೆಯಿಲ್ಲ. ಊಟದ ಮೇಜಿನಲ್ಲಿ ಕೂತು ಮಗಳು ನನ್ನ ಕಡೆ ತಿರುಗಿ, "ಅಪ್ಪಾ, ಬಾಟನಿ ಮೇಷ್ಟ್ರು ನೀವು, ನೀವೇ ಹೇಳಿ" ಅಂದಳು.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆದವರಲ್ಲ. ನಮ್ಮಪ್ಪ ಗದ್ದೆ ಕಾಯಲು ಮಾಳದಲ್ಲಿ ಮಲಗಿ ಡಬ್ಬ ಬಡಿಯುತ್ತಿದ್ದರು. ಪೈರು ಹೋದ ಬೆಳಿಗ್ಗೆ ಕೂಡ ಜಿಂಕೆಗೆ ಉರುಳು ಹಾಕಲು ಒಪ್ಪಲಿಲ್ಲ. ಅಂಥವರ ಮಗ ನಾನು, "ಕಡಿಮೆ ಮಾಡಲೇಬೇಕು ಕಣಮ್ಮ, ಬೇರೆ ದಾರಿ ಕಾಣುವುದಿಲ್ಲ" ಅಂದೆ. ಅಂದಮೇಲೆ ನೋಡುತ್ತೇನೆ, ಮೊಮ್ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಾಳೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬಂದು, "ಅಜ್ಜಾ, ಗೌರಿಯನ್ನೂನಾ?" ಅಂತ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಈ ವರ್ಷ ವಸಂತದಲ್ಲಿ ಹೋದಾಗ ಅವಳನ್ನು ಆ ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಒಳಗೂ ಹೊರಗೂ ಎಣಿಸಿದಳು, ಒಂದು ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮಾತು ಸರಿ ಅಂತ ಮಾತ್ರ ಹೇಳಲಿಲ್ಲ. ಸಿಪ್ಪೆ ಹಾಕುವುದನ್ನು ನಾನು ಬಿಟ್ಟಿದ್ದೇನೆ, ಅವಳು ಬಿಟ್ಟಿಲ್ಲ.

ಇಲ್ಲಿ ಕೂತ ಕೆಲವರಿಗೆ, ನಮ್ಮ ಹೊಲ ಗದ್ದೆಗೆ ನುಗ್ಗುವ ಜಿಂಕೆಗೂ ಇದೇ ಮದ್ದು ಅಂತ ಅನ್ನಿಸುತ್ತಿರಬಹುದು. ಅಲ್ಲ. ನಮ್ಮ ಕಾಡಿನಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ಜಿಂಕೆ ಒಂದೇ ಕಡೆ ನಿಂತು ಆಯುವಂತಿಲ್ಲ, ಹೆದರಿ ಓಡುತ್ತಿರಬೇಕು. ಅವು ಇಲ್ಲದ ಕಡೆ ನಮ್ಮದೇ ಚುಕ್ಕೆ ಜಿಂಕೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಅಂಡಮಾನಿಗೆ ಹೋಗಬೇಕು. ಬ್ರಿಟಿಷರು ಅಲ್ಲಿಗೆ ಒಯ್ದು ಬಿಟ್ಟ ಚುಕ್ಕೆ ಜಿಂಕೆ ಈಜಿಕೊಂಡು ದ್ವೀಪದಿಂದ ದ್ವೀಪಕ್ಕೆ ಹಬ್ಬಿದೆ. ಹುಲಿ ಚಿರತೆ ಅಲ್ಲಿಲ್ಲ. ಅದು ಹೆಚ್ಚಿದ ದ್ವೀಪಗಳಲ್ಲಿ ಕಾಡಿನ ತಳದ ಸಸಿಗಳು ಕಡಿಮೆಯಾಗಿ, ಆ ಪೊದೆಗಳನ್ನು ನಂಬಿದ ಹಲ್ಲಿಗಳೂ ಕಡಿಮೆಯಾಗಿವೆ. ನಮ್ಮ ಊರಿನವರು ಚಿರತೆಯನ್ನು ಬೈಯುವಾಗ ನಾನು ಸುಮ್ಮನಿರುವುದು ಇದಕ್ಕೇ. ನನ್ನ ಅಣ್ಣನ ಎರಡು ಕರು ಹೋದಾಗಲೂ ಸುಮ್ಮನೇ ಇದ್ದೆ, ಅದಕ್ಕೆ ಅವನಿಗೆ ಇನ್ನೂ ಕೋಪವಿದೆ.

ಇನ್ನು ನಮ್ಮ ಶಾಲೆಯ ಹಿಂದಿನ ಗುಡ್ಡ. ಬೇಸಿಗೆ ರಜೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೆಲಸಂಪಿಗೆ ತೋರಿಸಿದ್ದರು. ಎಲೆಯೇ ಇಲ್ಲ, ಬರೀ ನೆಲದಿಂದ ಹೂವು ಎದ್ದು ಬಂದಿರುತ್ತದೆ. ಎಲೆ ಬರುವುದು ಆಮೇಲೆ, ಮಳೆ ಹಿಡಿದಾಗ. ಮೊನ್ನೆ ಇಡೀ ಗುಡ್ಡ ಸುತ್ತಿದೆ. ಸುತ್ತಿದ್ದು ಕಾಲ ತಪ್ಪಿ, ಒಣಗಿದ ಎಲೆಯಾದರೂ ಕಂಡೀತು ಅಂತ. ಒಂದು ಗಿಡದ ಗುರುತೂ ಸಿಗಲಿಲ್ಲ. ಕಾರಣ ಜಿಂಕೆಯೋ, ದನವೋ, ತೋಟಕ್ಕೆಂದು ನಾವೇ ವರ್ಷ ವರ್ಷ ಗುಡಿಸಿ ಒಯ್ಯುವ ದರಗೋ, ಲಂಟಾನವೋ? ನನ್ನ ಅನುಮಾನ ದರಗಿನ ಮೇಲೆ. ಆದರೆ ಅನುಮಾನ ಸಾಕಾಗುವುದಿಲ್ಲ. ಅದಕ್ಕೇ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮಾತಾಡಿದ್ದೇನೆ, ಶಾಲಾಭಿವೃದ್ಧಿ ಸಮಿತಿಯವರೂ ಒಪ್ಪಿದ್ದಾರೆ. ಒಂದೇ ಅಳತೆಯ ಮೂರು ತುಂಡು ಜಾಗ. ಒಂದಕ್ಕೆ ಎಂಟಡಿ ಬೇಲಿ, ದನವೂ ಇಲ್ಲ, ಜಿಂಕೆಯೂ ಇಲ್ಲ, ದರಗು ಗುಡಿಸುವುದೂ ಇಲ್ಲ. ಇನ್ನೊಂದಕ್ಕೆ ಬೇಲಿಯಿಲ್ಲ, ಆದರೆ ದರಗು ಮುಟ್ಟುವುದಿಲ್ಲ. ಮೂರನೆಯದು ಈಗಿರುವ ಹಾಗೆ. ನೆಲಸಂಪಿಗೆಯ ಗೆಡ್ಡೆ ಮೇಲಿನ ಕೇರಿಯ ಅಜ್ಜಿಯೊಬ್ಬರ ಅಂಗಳದಲ್ಲಿದೆ, ಕೊಡುತ್ತೇನೆ ಅಂದಿದ್ದಾರೆ. ಮೂರೂ ಜಾಗದಲ್ಲಿ ಅಷ್ಟಷ್ಟೇ ನೆಡುತ್ತೇವೆ. ಹೂವು ಬರುವಾಗ ಶಾಲೆಗೆ ರಜೆ, ಆದ್ದರಿಂದ ಮಕ್ಕಳು ಜುಲೈನಲ್ಲಿ ಎಲೆ ಎಣಿಸಿ ದಪ್ಪ ಪುಸ್ತಕದಲ್ಲಿ ಬರೆಯಬೇಕು. ಏಪ್ರಿಲ್, ಮೇ ತಿಂಗಳ ಹೂವನ್ನು ಊರಿನವರು ಯಾರಾದರೂ ನೋಡಿ ಹೇಳಬೇಕು. ಒಂದೆರಡು ವರ್ಷದಲ್ಲಿ ಏನೂ ಗೊತ್ತಾಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ತಂತಿ ಬಲೆ ನಾನು ತಂದಿದ್ದೇನೆ, ಕಲ್ಲುಕಂಬ ನಿನ್ನೆ ಬಂದಿಳಿದಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಗುಂಡಿ ತೆಗೆಯುವ ಕೆಲಸ. ಹಾರೆ, ಗುದ್ದಲಿ ಇದ್ದವರು ತನ್ನಿ. ತಿಂಡಿ ಕಾಫಿ ನಮ್ಮ 1979ರ ಬ್ಯಾಚಿನವರದು. ಮೇಷ್ಟ್ರೇ, ನೀವು ಗುಡ್ಡ ಹತ್ತುವುದು ಬೇಡ, ಹಳೇ ಪ್ರಯೋಗಾಲಯದ ಜಗಲಿಯಲ್ಲಿ ಕುರ್ಚಿ ಹಾಕಿಸುತ್ತೇನೆ. ಅಲ್ಲಿಂದ ಮೂರು ಜಾಗವೂ ಕಾಣುತ್ತವೆ.